ಹತ್ತುವವರಿಗಷ್ಟೇ ಕಾಣುವ ಕೆಂಪು

ಅಕ್ಟೋಬರ್ ಎರಡು, ಗುರುವಾರ, ಬೆಳಿಗ್ಗೆ ಎಂಟು ಇಪ್ಪತ್ತು. ಪಿಯಾನ್‌ಸೆರ್ರಾ ಠಾಣೆಯ ಒಲೆಗೆ ಆ ವರ್ಷದ ಮೊದಲ ಸೌದೆ ಬಿದ್ದು ಹತ್ತು ನಿಮಿಷವೂ ಆಗಿರಲಿಲ್ಲ. ಔಷಧಿ ಅಂಗಡಿಯ ಪಾಲ್ಮಿಯೆರಿ ಬಾಗಿಲು ತಳ್ಳಿಕೊಂಡು ಒಳಗೆ ಬಂದವನೇ ನಾಲ್ಕು ಹಾಳೆಯ ದೂರನ್ನು ಮೇಜಿನ ಮೇಲೆ ಬಡಿದ. ಅವನು ನಡಿಗೆ ಸಂಘದ ಅಧ್ಯಕ್ಷನೂ ಹೌದು. ಸುತ್ತಲಿನ ಬೆಟ್ಟಗಳ ಹದಿನಾಲ್ಕು ಕಾಲುದಾರಿಗಳಿಗೆ ಜಿಲ್ಲೆಯ ನಕ್ಷೆಯಲ್ಲಿರುವ ಸಂಖ್ಯೆ ಕೊಟ್ಟು, ಕಲ್ಲು ಮರಗಳ ಮೇಲೆ ಬಿಳಿ ಕೆಂಪು ಪಟ್ಟಿಯ ಗುರುತು ಬಳಿಯುವುದು ಆ ಸಂಘದ ಕೆಲಸ.

ಠಾಣೆಯ ಮುಖ್ಯಸ್ಥ ಅದೆಲ್ಮೊ ಬೆರ್ತಾನಿ ಕಾಫಿ ಬಟ್ಟಲನ್ನು ಹಾಳೆಗಳಿಂದ ದೂರ ಸರಿಸಿದ. ಅವನು ಪೋ ನದಿಯ ಬಯಲಿನವನು. ಎರಡು ವರ್ಷಕ್ಕೆಂದು ಈ ಬೆಟ್ಟಕ್ಕೆ ಬಂದವನು ಹದಿನಾರು ವರ್ಷ ಇಲ್ಲೇ ಉಳಿದಿದ್ದ. ಊರವರೆಲ್ಲ ಅವನನ್ನು ಹುದ್ದೆಯ ಹೆಸರು ಹಿಡಿದು ಮರೆಶಾಲ್ಲೊ ಎಂದೇ ಕರೆಯುತ್ತಿದ್ದರು.

"ಕೂತ್ಕೊಳ್ಳಿ. ಏನಾಯ್ತು?"

"ಓದಿ, ಎಲ್ಲಾ ಬರ್ದಿದೀನಿ."

"ಡಾಕ್ಟರುಗಳ ಚೀಟಿ ಓದಿ ಓದಿ ನಿಮ್ಮ ಅಕ್ಷರಾನೂ ಹಾಗೇ ಆಗಿದೆ. ಬಾಯಲ್ಲೇ ಹೇಳಿ."

ಪಾಲ್ಮಿಯೆರಿ ಹೇಳಿದ. ಹಿಂದಿನ ದಿನ, ಬುಧವಾರ ಮಧ್ಯಾಹ್ನ, ಮೊದೆನಾ ನಗರದ ಗಣಿತದ ಮೇಡಂ ಒಬ್ಬರು ಮೂವತ್ತೇಳನೇ ದಾರಿಯಲ್ಲಿ ನಡೆಯಲು ಬಂದಿದ್ದರು. ಹೆಸರು ದೊನಾತಾ ರೆಗ್ಗಿ, ವಯಸ್ಸು ಐವತ್ತಾರು. ಇಳಿಯುವಾಗ ದಾರಿ ತಪ್ಪಿ, ಹಳೇ ಇದ್ದಿಲು ಸುಡುವವರ ಜಾಡು ಹಿಡಿದು, ಜಾರಿ ಕೊರಕಲಿಗೆ ಬಿದ್ದು ಬಲಗಾಲಿನ ಹರಡು ಮುರಿದುಕೊಂಡಿದ್ದರು. ಅವರು ನಡೆದದ್ದು ಮೂವತ್ತೇಳನೇ ದಾರಿಯೇ ಅಲ್ಲ. ಸಂಘದವರು ಎರಡು ವರ್ಷದ ಹಿಂದೆ ಮೂವತ್ತೇಳನ್ನು ಕಾಡಿನ ಜೀಪುರಸ್ತೆಗೆ ಬದಲಾಯಿಸಿ, ಹಳೇ ಕಾಲುದಾರಿಯನ್ನು ನಕ್ಷೆಯಿಂದ ತೆಗೆದುಹಾಕಿದ್ದರು. ಈಗ ಯಾರೋ ಜೀಪುರಸ್ತೆಯ ಬಾಯಲ್ಲಿದ್ದ ಗುರುತನ್ನು ಬೂದು ಬಣ್ಣದಿಂದ ಮುಚ್ಚಿ, ಹಳೇ ದಾರಿಯುದ್ದಕ್ಕೂ ಹೊಸ ಗುರುತು ಬಳಿದಿದ್ದರು.

"ಹೋದ ತಿಂಗಳೂ ಎರಡು ತಂಡ ಇಳಿಯುವಾಗ ದಾರಿ ತಪ್ಪಿ ಅಲೆದಾಡಿದ್ವು. ಪಟ್ಟಣದೋರಿಗೆ ಎಡ ಬಲ ಗೊತ್ತಾಗಲ್ಲ ಅಂತ ನಾನೇ ನಕ್ಕಿದ್ದೆ. ಈಗ ನಗೋ ಹಾಗಿಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಮೇಲೆ ಕಾಫೋಸ್ಕಾದಲ್ಲಿ ತೆರ್ಸೊ ಹೋಟ್ಲು ಇಟ್ಕೊಂಡಿದಾನಲ್ಲ. ಹಳೇ ದಾರಿ ಅವನ ಅಂಗಳಕ್ಕೇ ಹೋಗಿ ನಿಲ್ಲತ್ತೆ. ಜೀಪುರಸ್ತೆ ಅವನನ್ನ ಬಿಟ್ಟು ಅರ್ಧ ಮೈಲಿ ಆಚೆ ಹೋಗತ್ತೆ. ಇನ್ನು ನೀವೇ ಯೋಚ್ನೆ ಮಾಡಿ."

ಎಫ್‌ಐಆರ್ ಸಂಖ್ಯೆ ನಲವತ್ತೊಂದು ದಾಖಲಾಯಿತು. ಶಾಯಿ ಆರುವ ಮೊದಲೇ ಮೇಯರಮ್ಮನ ಫೋನು ಬಂತು. ಗುರುತು ತಿರುಚುವವರು ಸಿಕ್ಕದೆ ಹೋದರೆ ಇನ್ನೊಬ್ಬರ ಕುತ್ತಿಗೆ ಮುರಿಯುವವರೆಗೆ ನಾನು ಕಾಯುವುದಿಲ್ಲ, ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಹದಿನಾಲ್ಕೂ ದಾರಿಗಳನ್ನು ಮುಚ್ಚುವ ಆದೇಶಕ್ಕೆ ಸಹಿ ಹಾಕುತ್ತೇನೆ ಎಂದಳು. ಅದೆಲ್ಮೊ ಫೋನಿಟ್ಟು ಕಿಟಕಿಯಾಚೆ ನೋಡಿದ. ಚೆಸ್ಟ್‌ನಟ್ ಕಾಯಿ ಉದುರುವ ಅಕ್ಟೋಬರಿನ ನಾಲ್ಕು ಭಾನುವಾರ ಬರುವ ನಡಿಗೆಯವರಿಂದಲೇ ಈ ಊರಿನ ಬ್ರೆಡ್ ಅಂಗಡಿ, ಬಾರು, ಮೂರು ಬಾಡಿಗೆ ಮನೆ ಚಳಿಗಾಲ ದಾಟಬೇಕು. ದಾರಿ ಮುಚ್ಚಿದರೆ ಊರೇ ಬಾಗಿಲು ಹಾಕಿಕೊಂಡಂತೆ.

"ಮಂಕೂಸೊ, ಶೂ ಹಾಕ್ಕೊ," ಎಂದ.

ಕಾನ್ಸ್‌ಟೇಬಲ್ ಇಲಾರಿಯಾ ಮಂಕೂಸೊ ತೆಂಕಣದ ಕಡಲ ತೀರದವಳು. ಸೇರಿ ಹತ್ತು ತಿಂಗಳಾಗಿತ್ತು. ಜುಲೈನಲ್ಲೂ ಸ್ವೆಟರು ಬಿಚ್ಚಿದವಳಲ್ಲ.

"ಮರೆಶಾಲ್ಲೊ, ಜೀಪು ಎಲ್ಲೀವರೆಗೂ ಹೋಗತ್ತೆ?"

"ಕವಲಿನವರೆಗೆ."

"ಅಲ್ಲಿಂದ?"

"ಅಲ್ಲಿಂದ ಆರುನೂರು ಮೀಟರ್ ಮೇಲೆ. ನೆಟ್ಟಗೆ."

"ನಮ್ಮೂರಲ್ಲಿ ಕಳ್ಳರು ಕೆಳಗಡೆನೇ ಇರ್ತಾರೆ," ಎನ್ನುತ್ತ ಅವಳು ಎರಡನೇ ಜೊತೆ ಕಾಲುಚೀಲ ಏರಿಸಿದಳು.

ಹತ್ತು ಹದಿನೈದಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರಾಗಿ ಬಂದವರು ನಿವೃತ್ತ ಬಸ್ ಚಾಲಕನೊಬ್ಬ, ಮತ್ತು ಬ್ರೆಡ್ ಅಂಗಡಿಯ ಒಲಿಂತೊ. ಒಲಿಂತೊಗೆ ಬೆನ್ನಿಗಿಂತ ಹೊಟ್ಟೆಯೇ ಭಾರ. ಹತ್ತು ಹೆಜ್ಜೆಗೊಮ್ಮೆ ನಿಂತು ಕಾಡಿನ ಅಂದ ನೋಡುವ ನೆಪ ಮಾಡುತ್ತಿದ್ದ. ಕವಲಿನಲ್ಲಿ ಮೂರು ಬೀಚ್ ಮರ. ಎಡಕ್ಕೆ ಜೀಪುರಸ್ತೆ, ಬಲಕ್ಕೆ ಹಳೇ ದಾರಿ. ಎಡಗಡೆಯ ಬಂಡೆಯ ಗುರುತಿನ ಮೇಲೆ ಬೂದು ಬಣ್ಣ ಒಪ್ಪವಾಗಿ ಕೂತಿತ್ತು. ಬಲಗಡೆ ಮೊದಲ ಮರದ ಮೇಲೆ ಬಿಳಿ ಕೆಂಪು ಪಟ್ಟಿ, ಕೆಳಗೆ ಕಪ್ಪಿನಲ್ಲಿ ಮೂವತ್ತೇಳು. ಅಂಕಿ ಎಷ್ಟು ದುಂಡಗಿತ್ತೆಂದರೆ ಶಾಲೆಯ ಹಲಗೆಯ ಮೇಲೆ ಬರೆದಂತಿತ್ತು.

ಅದೆಲ್ಮೊ ಅಳತೆ ಪಟ್ಟಿ ಹಿಡಿದ. ಮಂಕೂಸೊ ಬರೆದುಕೊಂಡಳು. ಗುರುತು ಒಂದು, ಎರಡು, ಮೂರು. ದಾರಿ ಹಳೆಯ ಚೆಸ್ಟ್‌ನಟ್ ತೋಪಿನೊಳಗೆ ಹೊಕ್ಕು ಮೆಟ್ಟಿಲಾಗುತ್ತ ಹೋಯಿತು. ನಕ್ಷೆಯಿಂದ ಬಿಟ್ಟುಹೋದ ದಾರಿಯೆಂದರೆ ಮುಳ್ಳು ಬೆಳೆದು ಮುಚ್ಚಿರಬೇಕಿತ್ತು. ಇಲ್ಲಿ ನೋಡಿದರೆ ಮುಳ್ಳನ್ನು ಕುಡುಗೋಲಿನಿಂದ ಬುಡಕ್ಕೇ ಕಡಿದು ಇಳಿಜಾರಿನ ಕಡೆಗೆ ಒಟ್ಟಿದ್ದರು. ಮಳೆನೀರು ಅಡ್ಡ ಹರಿದುಹೋಗುವ ಕಲ್ಲಿನ ಕಾಲುವೆಗಳಲ್ಲಿ ಒಂದು ಎಲೆಯೂ ಇರಲಿಲ್ಲ. ಅಲುಗಾಡುವ ಮೆಟ್ಟಿಲಿಗೆ ಚಕ್ಕೆಕಲ್ಲು ಕೊಟ್ಟು ಕೂರಿಸಿತ್ತು.

"ಇದೆಂಥಾ ಕಿಡಿಗೇಡಿ," ಎಂದಳು ಮಂಕೂಸೊ. "ಹಾಳು ಮಾಡೋಕೆ ಬಂದೋನು ಕಸ ಗುಡಿಸಿ ಹೋಗಿದಾನೆ."

ಒಲಿಂತೊ ಒಂದು ಮೆಟ್ಟಿಲ ಮೇಲೆ ನಿಂತವನು ಮುಂದಕ್ಕೆ ಹೋಗಲಿಲ್ಲ. "ಇದು ನಮ್ಮನೆ ತುಂಡು," ಎಂದ.

"ಹಾಗಂದ್ರೆ?"

"ಈ ದಾರಿನ ಹೆಂಗಸರ ದಾರಿ ಅಂತಾರೆ, ಮರೆಶಾಲ್ಲೊ. ನಮ್ಮಜ್ಜಿಯಂದ್ರು ಉಪ್ಪು, ಎಣ್ಣೆ ಬೆನ್ನ ಮೇಲೆ ಹೊತ್ಕೊಂಡು ಘಾಟಿ ಮೇಲಕ್ಕೆ ಹೋಗಿ, ಆಚೆ ಕಣಿವೆಯೋರಿಗೆ ಕೊಡೋರು. ಮನೆಗೊಂದು ತುಂಡು ಅಂತ ಹಂಚಿತ್ತು. ಈಸ್ಟರ್ ಕಳೆದ ಮೊದಲನೇ ಭಾನುವಾರ ಮನೆಗೊಬ್ರು ಬಂದು ಅವರವರ ತುಂಡು ರಿಪೇರಿ ಮಾಡ್ಬೇಕು. ಈ ಮೆಟ್ಲಿಂದ ಆ ವಾಲಿದ ಮರದವರೆಗೂ ನಮ್ದು."

"ನೀವು ಕೊನೇ ಸಲ ಯಾವಾಗ ಮಾಡಿದ್ರಿ?"

ಒಲಿಂತೊ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟ. "ಇದು ಇಲ್ಲದೇ ಇದ್ದಾಗ." ಒಪ್ಪ ಮಾಡಿದ ತನ್ನ ತುಂಡನ್ನು ನೋಡುತ್ತ ಅವನ ಕಿವಿ ಕೆಂಪಾಯಿತು.

ದಾರಿಬದಿ ಅಲ್ಲಲ್ಲಿ ಎದೆಯೆತ್ತರದ ಚಪ್ಪಟೆ ಬಂಡೆಗಳಿದ್ದವು. ಹೊರೆ ಹೊತ್ತವರು ಪಟ್ಟಿ ಬಿಚ್ಚದೆ, ಹಾಗೇ ಬೆನ್ನು ತಿರುಗಿಸಿ ಬುಟ್ಟಿಯನ್ನು ಆನಿಸಿ ದಣಿವಾರಿಸಿಕೊಳ್ಳುವ ಕಲ್ಲುಗಳು. ಒಂದೊಂದರ ಮೇಲೂ ಒಂದೊಂದು ಗುರುತು ತಪ್ಪದೆ ಇತ್ತು. ಹನ್ನೆರಡನೇ ಗುರುತಿನ ಹತ್ತಿರ ಮಂಕೂಸೊ ಶೂ ಒಳಗಿನ ಹರಳು ತೆಗೆಯಲೆಂದು ಇಳಿಜಾರಿಗೆ ಮುಖ ಮಾಡಿ ಕೂತಳು. ಶೂ ಕೈಯಲ್ಲೇ ಉಳಿಯಿತು.

"ಮರೆಶಾಲ್ಲೊ, ನಾವು ಎಷ್ಟು ಗುರುತು ದಾಟಿದೀವಿ?"

"ಹನ್ನೆರಡು."

"ಇಲ್ಲಿಂದ ನೋಡಿ. ಒಂದೂ ಕಾಣ್ತಿಲ್ಲ."

ಅದೆಲ್ಮೊ ತಿರುಗಿದ. ಬಂದ ದಾರಿಯುದ್ದಕ್ಕೂ ಕಲ್ಲುಗಳ ಬೆನ್ನು, ಮರಗಳ ಬೆನ್ನು, ಬರೀ ಪಾಚಿ. ಗುರುತುಗಳೆಲ್ಲ ಹತ್ತುವವನ ಕಣ್ಣಿಗೆ ಬೀಳುವ ಮಗ್ಗುಲಲ್ಲೇ ಇದ್ದವು. ಇಳಿಯುವವನಿಗೆ ಒಂದೂ ಇರಲಿಲ್ಲ. ಕಾಫೋಸ್ಕಾ ತಲುಪುವಷ್ಟರಲ್ಲಿ ಲೆಕ್ಕ ನಲವತ್ತಾರಕ್ಕೆ ನಿಂತಿತು. ನಲವತ್ತಾರೂ ಹಾಗೆಯೇ. ಅರ್ಧ ದಾರಿಯಲ್ಲಿ ಇದ್ದಿಲಿನವರ ಹಳೇ ಜಾಡು ಸೇರುವ ಕಡೆ, ಮೇಲಿನಿಂದ ಬರುವವನಿಗೆ ಎರಡು ದಾರಿ ಒಂದೇ ಥರ ಕಾಣುತ್ತಿದ್ದವು. ರೆಗ್ಗಿ ಮೇಡಂ ಜಾರಿದ್ದು ಅಲ್ಲೇ.

"ಎರಡೂ ಕಡೆಗೆ ಬಳಿಯೋದು ಸಂಘದಲ್ಲಿ ಕಲಿಸೋ ಮೊದಲನೇ ಪಾಠ," ಎಂದ ಅದೆಲ್ಮೊ. "ಬಳಿದೋರು ಸಂಘದೋರಲ್ಲ. ಬರ್ಕೊ."

"ಇಷ್ಟು ನೀಟಾಗಿ ಕೆಲ್ಸ ಮಾಡೋರು ಇಳಿಯೋದನ್ನೇ ಮರೀತಾರಾ?"

"ಮರೆತಿಲ್ಲ ಅಂತ ಕಾಣತ್ತೆ. ಅದು ಅವರಿಗೆ ಹೊಳೆದೇ ಇಲ್ಲ."

ಮಧ್ಯಾಹ್ನ ಮೂರೂವರೆ. ಕೆಳಪಟ್ಟಣದ ಆಸ್ಪತ್ರೆಯಲ್ಲಿ ದೊನಾತಾ ರೆಗ್ಗಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ದಿಂಬಿಗೊರಗಿ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದರು.

"ಎಷ್ಟು ಹೊತ್ತಿಗೆ ಬಿದ್ರಿ?"

"ಎರಡು ಹತ್ತು. ಗಡಿಯಾರ ನೋಡ್ಕೊಂಡೆ."

"ಯಾರು ನೋಡಿದ್ರು ನಿಮ್ಮನ್ನ?"

"ಒಬ್ಬ ಅಜ್ಜಿ. ಐದೇ ನಿಮಿಷಕ್ಕೆ ಬಂದ್ರು, ಎಲ್ಲಿಂದ ಬಂದ್ರೋ. ಅಣಬೆಗೆ ಬಂದಿದ್ದೆ ಅಂದ್ರು. ತಮ್ಮ ಕೋಟು ಬಿಚ್ಚಿ ನನಗೆ ಹೊದಿಸಿ, ಬಂಡೆ ಹತ್ತಿ ನಿಂತು ರಕ್ಷಣೆಯೋರಿಗೆ ಫೋನ್ ಮಾಡಿದ್ರು. ಎರಡು ಗಂಟೆ ನನ್ನ ಪಾದ ಮಡಿಲಲ್ಲಿ ಇಟ್ಕೊಂಡು ಕೂತಿದ್ರು."

ಆ ಅಜ್ಜಿ ಯಾರೆಂದು ಅದೆಲ್ಮೊಗೆ ಗೊತ್ತಿತ್ತು. ರಕ್ಷಣಾ ದಳದ ವರದಿಯಲ್ಲಿ ಹೆಸರಿತ್ತು: ಇಸೊಲೀನಾ ಗಿರಾರ್ದಿ, ಎಪ್ಪತ್ನಾಲ್ಕು ವರ್ಷ, ನಿವೃತ್ತ ಅಂಚೆಯವಳು. ಊರಿಗೆಲ್ಲ ದೊಡ್ಡಮ್ಮ. ಠಾಣೆಯಿಂದ ನಾಲ್ಕನೇ ಮನೆ.

"ಏನಾದ್ರೂ ಮಾತಾಡಿದ್ರಾ?"

"ಕ್ಷಮಿಸು, ಕ್ಷಮಿಸು ಅಂತ ನನಗಿಂತ ಅವರೇ ಜಾಸ್ತಿ ಅತ್ರು. ಬೆಟ್ಟದೋರ ಮಾತೇ ಹೀಗೇನೋ ಅನ್ಕೊಂಡೆ. ಆಮೇಲೆ ಒಂದು ವಿಚಿತ್ರ ಪ್ರಶ್ನೆ ಕೇಳಿದ್ರು." ರೆಗ್ಗಿ ಮೇಡಂ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. "ಹತ್ತುವಾಗ ದಾರಿ ಹೇಗಿತ್ತು ಅಂತ. ಕಾಲು ಮುರ್ಕೊಂಡು ಬಿದ್ದೋಳನ್ನ ಯಾರಾದ್ರೂ ಹಾಗೆ ಕೇಳ್ತಾರಾ?"

"ನೀವೇನಂದ್ರಿ?"

"ಇದ್ದಿದ್ದೇ ಹೇಳ್ದೆ. ಮೂವತ್ತು ವರ್ಷದಿಂದ ಬೆಟ್ಟ ಹತ್ತುತಿದೀನಿ, ಇಷ್ಟು ಮುದ್ದಾಗಿ ಕೈ ಹಿಡ್ಕೊಂಡು ಕರ್ಕೊಂಡು ಹೋದ ದಾರಿ ಇನ್ನೊಂದಿಲ್ಲ. ಇಳಿಯುವಾಗ ಕೈ ಬಿಡ್ತು, ಅಷ್ಟೇ."

ಹಿಂದಿರುಗುವಾಗ ಜೀಪನ್ನು ಅದೆಲ್ಮೊನೇ ಓಡಿಸುತ್ತಿದ್ದ. ಏಳನೇ ತಿರುವಿನಲ್ಲಿ ಮಂಕೂಸೊ ನೋಟುಪುಸ್ತಕ ಮಡಚಿದಳು.

"ನಿನ್ನೆ ಬುಧವಾರ," ಎಂದಳು ಮೆಲ್ಲಗೆ.

"ಗೊತ್ತು."

ಆ ಕಣಿವೆಯಲ್ಲಿ ಅಣಬೆ ಆರಿಸಲು ವಾರಕ್ಕೆ ನಾಲ್ಕೇ ದಿನ: ಮಂಗಳ, ಗುರು, ಶನಿ, ಭಾನು. ಉಳಿದ ದಿನ ಕಾಡು ಉಸಿರಾಡಲಿ ಎಂದು ಬಿಡಬೇಕು. ಅದೆಲ್ಮೊ ಬಂದ ಮೊದಲ ವರ್ಷ ತಿಳಿಯದೆ ಒಂದು ಸೋಮವಾರ ಬುಟ್ಟಿ ತುಂಬಿಸಿಕೊಂಡು ಇಳಿದಿದ್ದ. ಸಮವಸ್ತ್ರದಲ್ಲಿದ್ದ ಠಾಣಾಧಿಕಾರಿಯನ್ನು ಚೌಕದ ಮಧ್ಯೆ ನಿಲ್ಲಿಸಿ, ಬುಟ್ಟಿ ಕಿತ್ತುಕೊಂಡು, ಕಾನೂನು ಕಾಯೋನೇ ಹೀಗಾದ್ರೆ ಹೇಗಪ್ಪಾ ಎಂದು ಗದರಿದವಳು ಇಸೊಲೀನಾ. ಸಂಜೆ ಅದೇ ಅಣಬೆಯ ಸಾರು ಮಾಡಿ ಮನೆಗೆ ಕರೆದು ಬಡಿಸಿದವಳೂ ಅವಳೇ. ಅಂಥವಳು ಬುಧವಾರ ಅಣಬೆಗೆ ಹೋಗುವುದೆಂದರೆ ಮಾಂಸ ಮುಟ್ಟಬಾರದ ಶುಕ್ರವಾರ ಪಾದ್ರಿಯೇ ಹಂದಿ ಕೊಯ್ದಂತೆ. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ವಾರ ನೋಡಿಕೊಂಡು ಸುಳ್ಳು ಹೇಳಬೇಕೆಂಬುದೂ ಗೊತ್ತಿರಲಿಲ್ಲ.

"ತೆರ್ಸೊನ್ನ ವಿಚಾರಿಸ್ಬೇಕು ಮೊದ್ಲು," ಎಂದ ಅದೆಲ್ಮೊ. ತೆರ್ಸೊನೇ ಆಗಿರಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದದ್ದು ಮಂಕೂಸೊಗೆ ಕೇಳಿಸಿದಂತಿತ್ತು. ಅವಳು ಕಿಟಕಿಯ ಗಾಜನ್ನು ಇನ್ನಷ್ಟು ಏರಿಸಿಕೊಂಡಳು.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆ, ಕಾಫೋಸ್ಕಾ. ಘಾಟಿಯ ಕೆಳಗೆ ಆರು ಮನೆ, ಒಂದು ತೊಟ್ಟಿ, ತೆರ್ಸೊನ ಹೋಟೆಲು. ತೆರ್ಸೊ ಅಂಗಳದ ಬೆಂಚಿನ ಮೇಲೆ ಕಾಲು ಚಾಚಿ ಕೂತು, ಚೆಸ್ಟ್‌ನಟ್ ಸುಲಿಯುವ ಬದಲು ನಾಯಿ ಅದನ್ನು ಹೊರಳಿಸುವುದನ್ನು ನೋಡುತ್ತಿದ್ದ.

"ಸೆಪ್ಟೆಂಬರಲ್ಲಿ ನಿನ್ನ ಗಿರಾಕಿ ಜಾಸ್ತಿ ಆಗಿದಾರಂತೆ?"

"ಆಗಿದಾರೆ. ದೇವರು ಕಣ್ಬಿಟ್ಟ."

"ದೇವರ ಕೈಯಲ್ಲಿ ಬ್ರಷ್ ಇತ್ತು, ತೆರ್ಸೊ. ಹಳೇ ದಾರಿಗೆ ಯಾರು ಬಣ್ಣ ಬಳಿದ್ರು?"

"ನನ್ನ ನೋಡಿ, ಮರೆಶಾಲ್ಲೊ. ನಲವತ್ತಾರು ಕಲ್ಲು ಬಗ್ಗಿ ಬಳಿಯೋ ಮನುಷ್ಯನ ಥರ ಕಾಣ್ತೀನಾ? ಮದುವೆ ಆದಾಗ ಬಾಗಿಲಿಗೆ ಹಚ್ಚಿದ ಬಣ್ಣ, ಇನ್ನೂ ಅದೇ ಇದೆ. ಹೆಂಡತಿ ಬಿಟ್ಟು ಹೋಗಿ ಒಂಬತ್ತು ವರ್ಷ ಆಯ್ತು."

"ನಲವತ್ತಾರು ಅಂತ ನಿನಗೆ ಹೇಗೆ ಗೊತ್ತು?"

"ನಿಮ್ಮ ಪಂಚ ಒಲಿಂತೊ ಒಂದು ಗಂಟೆ ಇಲ್ಲೇ ಕೂತು ಎರಡು ತಟ್ಟೆ ಪೊಲೆಂತಾ ಮುದ್ದೆ ತಿಂದು ಹೋದ. ಗುರುತಿನ ಲೆಕ್ಕ ಅಷ್ಟೇ ಅಲ್ಲ, ಅವನ ಸೊಸೆ ಬಸುರಿ ಅನ್ನೋದೂ ಗೊತ್ತು ನನಗೆ."

ಬಾಗಿಲ ಬಣ್ಣ ನಿಜಕ್ಕೂ ಹೊಪ್ಪಳೆ ಎದ್ದು ಉದುರುತ್ತಿತ್ತು. ಅದರ ಪಕ್ಕದ ಗೋಡೆಯ ಮೇಲೊಂದು ಹಳೇ ಅಂಚೆ ಡಬ್ಬಿ. ಕಾಗದ ತೆಗೆಯುವವರು ಬಾರದೆ ಎಂಟು ವರ್ಷವಾಗಿತ್ತು. ಮಂಕೂಸೊ ಅದರ ಮುಂದೆ ನಿಂತೇ ಇದ್ದಳು. ಇಡೀ ಕಾಫೋಸ್ಕಾದಲ್ಲಿ ಹೊಸದಾಗಿ ಹೊಳೆಯುತ್ತಿದ್ದದ್ದು ಆ ಡಬ್ಬಿ ಒಂದೇ. ಅವಳು ಜೇಬಿನಿಂದ, ನಿನ್ನೆ ಪಂಚನಾಮೆಯಲ್ಲಿ ಕಲ್ಲಿನಿಂದ ಕೆರೆದು ಕವರಿಗೆ ಹಾಕಿದ್ದ ಬಣ್ಣದ ಚಕ್ಕೆ ತೆಗೆದು ಡಬ್ಬಿಯ ಪಕ್ಕ ಹಿಡಿದಳು. ಸಂಘದ ಕೆಂಪು ತೆಳು, ಕಿತ್ತಳೆ ಕಡೆಗೆ ವಾಲಿದ್ದು. ಇದು ಗಟ್ಟಿ ಕೆಂಪು. ಚಕ್ಕೆಗೂ ಡಬ್ಬಿಗೂ ಒಂದು ಕೂದಲಿನಷ್ಟು ವ್ಯತ್ಯಾಸವಿರಲಿಲ್ಲ.

"ಈ ಡಬ್ಬಿಗೆ ಯಾರು ಬಣ್ಣ ಹೊಡೀತಾರೆ?" ಎಂದು ಅದೆಲ್ಮೊ ಕೇಳಿದ. ಉತ್ತರ ಬೇಡವಾಗಿತ್ತು.

"ದೊಡ್ಡಮ್ಮ. ಪ್ರತಿ ವರ್ಷ. ನೌಕರಿ ಬಿಟ್ಟಾಗ ಇಲಾಖೆಯೋರು ಎರಡು ಡಬ್ಬ ಕೆಂಪು ಬಣ್ಣ ಅವರ ಹತ್ರಾನೇ ಬಿಟ್ರಂತೆ. ಮುಗಿಯೋವರೆಗೂ ಹಚ್ತೀನಿ ಅಂತಾರೆ." ತೆರ್ಸೊ ಎದ್ದು ಕೂತ. ಅವನಿಗೂ ಈಗ ಏನೋ ಹೊಳೆದಂತಿತ್ತು. "ಮರೆಶಾಲ್ಲೊ, ನಾನೇ ಅಂತ ಬರ್ಕೊಂಡುಬಿಡಿ ಬೇಕಾದ್ರೆ. ನನಗೇನು, ಚಳಿಗಾಲದಲ್ಲಿ ಗಿರಾಕಿನೂ ಇಲ್ಲ."

"ಬ್ರಷ್ ಹಿಡಿಯೋದು ಹೇಗೆ ತೋರ್ಸು ನೋಡೋಣ."

ತೆರ್ಸೊ ಪೊರಕೆ ಹಿಡಿದಂತೆ ಕೈ ಮುಷ್ಟಿ ಮಾಡಿ ತೋರಿಸಿದ. ಮಂಕೂಸೊ ನಗು ತಡೆಯಲಾರದೆ ಅತ್ತ ತಿರುಗಿದಳು.

"ಇನ್ನೊಂದು ಹೇಳು," ಎಂದ ಅದೆಲ್ಮೊ. "ದೊಡ್ಡಮ್ಮ ಅಂಚೆ ತರೋವಾಗ ಹೇಗೆ ಬರ್ತಿದ್ರು, ಹೇಗೆ ಹೋಗ್ತಿದ್ರು?"

"ಬರೋದು ಇದೇ ಹೆಂಗಸರ ದಾರೀಲಿ. ನಡುವಿನ ಮನೆಗಳಿಗೆಲ್ಲ ಕಾಗದ ಕೊಟ್ಕೊಂಡು ಹನ್ನೊಂದಕ್ಕೆ ಇಲ್ಲಿ. ಹನ್ನೊಂದೂವರೆಗೆ ಚೀಸ್ ಡೈರಿಯ ಹಾಲಿನ ಲಾರಿ ಹೊರಡೋದು. ರಿಜಿಸ್ಟರ್ ಕಾಗದ ಹನ್ನೆರಡರೊಳಗೆ ಆಫೀಸಿಗೆ ಒಪ್ಪಿಸ್ಬೇಕಿತ್ತಲ್ಲ, ಅದಕ್ಕೆ ಲಾರೀಲೇ ಇಳಿಯೋರು. ಮೂವತ್ತೊಂದು ವರ್ಷ, ಮಳೆ ಹಿಮ ಏನೇ ಇರ್ಲಿ."

"ನಡ್ಕೊಂಡು ಇಳಿದದ್ದು?"

ತೆರ್ಸೊ ಯೋಚಿಸಿದ. "ನಾನಂತೂ ನೋಡಿಲ್ಲ."

ಇಳಿಯುವಾಗ ಜೀಪಿನಲ್ಲಿ ಮಂಕೂಸೊ ಕೇಳಿದಳು, ಈಗಲೇ ಹೋಗೋಣವೇ ಎಂದು. ನಾಳೆ ಬೆಳಿಗ್ಗೆ ಎಂದ ಅದೆಲ್ಮೊ. ಗಡುವು ನಾಳೆ ಮಧ್ಯಾಹ್ನಕ್ಕೆ ಎಂದು ಅವಳು ನೆನಪಿಸಿದಳು. ಅವನು ಗೇರು ಬದಲಾಯಿಸಿದ. ಸುಮ್ಮನಿದ್ದುಬಿಟ್ಟರೆ ಹದಿನಾಲ್ಕು ದಾರಿ ಮುಚ್ಚುತ್ತವೆ. ಹಿಡಿದರೆ ಒಂದು ದಾರಿ ಮುಚ್ಚುತ್ತದೆ, ಜೊತೆಗೆ ಒಂದು ಮನೆಯ ಬಾಗಿಲು ತನಗೆ ಮುಚ್ಚುತ್ತದೆ. ಲೆಕ್ಕ ಸುಲಭವಾಗಿತ್ತು. ಆದರೂ ಅವನು ಆ ಸಂಜೆ ಠಾಣೆಯಿಂದ ಮನೆಗೆ ಹೋಗಲು ಹಿಂದಿನ ಗಲ್ಲಿ ಹಿಡಿದ.

ಅಕ್ಟೋಬರ್ ನಾಲ್ಕು, ಶನಿವಾರ, ಬೆಳಿಗ್ಗೆ ಏಳು ಹತ್ತು. ಇಸೊಲೀನಾಳ ಮನೆಯ ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ಕಾಫಿ ಉಕ್ಕುತ್ತಿತ್ತು. ಮೇಜಿನ ಮೇಲೆ ಮೂರು ಬಟ್ಟಲು.

"ನಿನ್ನೆ ಸಂಜೆನೇ ಬರ್ತೀಯ ಅನ್ಕೊಂಡಿದ್ದೆ," ಎಂದಳು. "ಹಿಂದಿನ ಗಲ್ಲೀಲಿ ಹೋದೆಯಂತೆ. ಕೂತ್ಕೊ. ಆ ಹುಡುಗಿ ಒಲೆ ಪಕ್ಕ ಕೂರ್ಲಿ, ತುಟಿ ನೀಲಿ ಆಗಿದೆ."

"ದೊಡ್ಡಮ್ಮ, ಮೊದ್ಲು ಪ್ರಶ್ನೆ."

"ಕೇಳು."

"ಬುಧವಾರ ಕಾಡಿಗೆ ಯಾಕೆ ಹೋಗಿದ್ರಿ?"

"ಕಾಲುವೆ ಎಲೆ ತೆಗೆಯೋಕೆ."

"ಅಣಬೆ ಅಂದಿದ್ರಿ."

"ಅಂದೆ. ಬುಧವಾರ ಅಂತ ಆಮೇಲೆ ನೆನಪಾಯ್ತು. ಅವತ್ತಿಂದ ನಾಚಿಕೆ ಆಗ್ತಿದೆ."

"ಗುರುತು ಬಳಿದದ್ದು?"

"ನಾನೇ."

"ಜೀಪುರಸ್ತೆ ಗುರುತು ಮುಚ್ಚಿದ್ದು?"

"ಅದೂ ನಾನೇ. ಮೇ ತಿಂಗಳಿಂದ ಶುರು ಮಾಡ್ದೆ. ಮಂಡಿ ಹಿಡ್ಕೊಳ್ಳತ್ತಲ್ಲ, ದಿನಕ್ಕೆ ಎರಡು ಕಲ್ಲು, ಮೂರು ಕಲ್ಲು. ಇಳಿಯೋಕೆ ಮಾತ್ರ ಈಗಲೂ ಡೈರಿ ಲಾರಿನೇ. ಆ ಮೇಡಂ ಕಾಲು ಮುರಿದದ್ದೂ ನಾನೇ ಅಂತ ಬರ್ಕೊ. ಬಿಡಬೇಡ ಅದನ್ನ."

ಮಂಕೂಸೊಳ ಪೆನ್ನು ನಿಂತಿತು. ಅದೆಲ್ಮೊ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದುಕೊಂಡ.

"ಯಾಕೆ, ದೊಡ್ಡಮ್ಮ?"

ಇಸೊಲೀನಾ ಎದ್ದು ಹೋಗಿ ಒಲೆಯ ಉರಿ ತಗ್ಗಿಸಿದಳು.

"ಮನೆಗೊಂದು ತುಂಡು ಇತ್ತಲ್ಲ. ಒಂದೊಂದು ಮನೆಯೋರು ಬಿಟ್ಟ ಹಾಗೆ ನಾನು ಅವರ ತುಂಡೂ ನೋಡ್ಕೊಂಡೆ. ಒಲಿಂತೊನದ್ದು, ಪಾಲ್ಮಿಯೆರಿ ಅಮ್ಮನದ್ದು, ಎಲ್ಲಾ. ಹೇಗೂ ದಿನಾ ಹತ್ತೋದು ನಾನೇ. ಹತ್ತುತ್ತಾ ಹತ್ತುತ್ತಾ ಒಂದು ಕಲ್ಲು ಸರಿಮಾಡೋದು, ಒಂದು ಮುಳ್ಳು ಕಡಿಯೋದು. ಆದ್ರೆ ಅದೆಲ್ಮೊ, ಕಡಿದ್ರೆ ದಾರಿ ಉಳಿಯಲ್ಲ. ಕಾಲು ಬಿದ್ರೇನೇ ಉಳಿಯೋದು. ನನ್ನ ಎರಡು ಕಾಲು ಬೀಳ್ತಿದ್ದಷ್ಟು ದಿನ ಸಾಕಾಗಿತ್ತು ಅದಕ್ಕೆ. ಹೋದ ಚಳಿಗಾಲ ಡಾಕ್ಟರು ಇನ್ನು ಬೆಟ್ಟ ಬೇಡ ಅಂದ್ರು. ಸಂಘದೋರನ್ನ ಕೇಳ್ದೆ, ನಕ್ಷೆಗೆ ವಾಪಸ್ ಸೇರಿಸ್ರಪ್ಪಾ ಅಂತ. ಕೆಲಸಕ್ಕೆ ಜನ ಇಲ್ಲ ಅಂದ್ರು. ಇನ್ನೇನು ಮಾಡ್ಲಿ? ನನ್ನ ಕಾಲು ಸಾಲಲಿಲ್ಲ. ಬೇರೆಯೋರ ಕಾಲು ಎರವಲು ತಗೊಂಡೆ."

"ಇಳಿಯೋರಿಗೆ ಯಾಕೆ ಬಳೀಲಿಲ್ಲ?"

ಇಸೊಲೀನಾ ಅವನನ್ನೇ ನೋಡಿದಳು. ಆ ಪ್ರಶ್ನೆಯನ್ನು ಬುಧವಾರದಿಂದ ತನ್ನಷ್ಟಕ್ಕೇ ಕೇಳಿಕೊಳ್ಳುತ್ತಿದ್ದವಳ ಮುಖ ಅದು.

"ಅದು ಹತ್ತೋ ದಾರಿ ಕಣೋ," ಎಂದಳು. "ನನಗೆ ಗೊತ್ತಿದ್ದದ್ದು ಅಷ್ಟೇ. ಅವಳು ಕೊರಕಲಲ್ಲಿ ಬಿದ್ದಿದ್ದಾಗ, ಅವಳ ಪಕ್ಕ ಕೂತ್ಕೊಂಡು ಮೇಲಕ್ಕೆ ನೋಡ್ದಾಗ ಗೊತ್ತಾಯ್ತು, ಇಳಿಯೋರೂ ಇರ್ತಾರೆ ಅಂತ."

ಏಳು ಐವತ್ತೈದಕ್ಕೆ ಆಕೆಯನ್ನು ವಶಕ್ಕೆ ತೆಗೆದುಕೊಳ್ಳಲಾಯಿತು. ಹಿತ್ತಲ ಗೂಡಿನಿಂದ ಅರ್ಧ ಡಬ್ಬ ಕೆಂಪು ಬಣ್ಣ, ಅರ್ಧ ಡಬ್ಬ ಬಿಳಿ, ಸ್ವಲ್ಪ ಕಪ್ಪು, ಬೂದು ಬಣ್ಣದ ಖಾಲಿ ಡಬ್ಬ, ಎರಡು ಬ್ರಷ್, ಒಂದು ಕುಡುಗೋಲು ಜಪ್ತಿಯಾದವು. ಬ್ರಷ್‌ಗಳನ್ನು ಎಣ್ಣೆಯಲ್ಲಿ ತೊಳೆದು ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಠಾಣೆಗೆ ನಾಲ್ಕು ಮನೆ ದೂರ ಜೀಪಿನಲ್ಲಿ ಹೋಗಲು ಇಸೊಲೀನಾ ಒಪ್ಪಲಿಲ್ಲ. ಮೂವರೂ ನಡೆದೇ ಹೋದರು. ಚೌಕದಲ್ಲಿ ಒಲಿಂತೊ ಅಂಗಡಿಯಿಂದ ಹೊರಗೆ ಬಂದು, ಹಿಟ್ಟಿನ ಕೈಯಲ್ಲೇ ಟೋಪಿ ತೆಗೆದು ನಿಂತ.

"ಟೋಪಿ ಹಾಕ್ಕೊ, ಶೀತ ಆಗತ್ತೆ," ಎಂದಳು ಇಸೊಲೀನಾ. "ನಾನೇನು ಸತ್ತಿಲ್ಲ. ನಿನ್ನ ತುಂಡಿಗೆ ಇನ್ಮೇಲೆ ನೀನೇ ಹೋಗ್ಬೇಕು, ಅಷ್ಟೇ."

ಎಂಟೂವರೆಗೆ ಅದೆಲ್ಮೊ ನಿಯಮದಂತೆ ಆಸ್ಪತ್ರೆಗೆ ಫೋನು ಮಾಡಿ, ಆರೋಪಿ ಸಿಕ್ಕಿರುವುದನ್ನು ರೆಗ್ಗಿ ಮೇಡಂಗೆ ತಿಳಿಸಿದ. ಗಾಯದ ಮಟ್ಟಿಗೆ, ಆಸ್ಪತ್ರೆಯಲ್ಲಿ ಬರೆದುಕೊಟ್ಟ ದೂರು ಅವರದ್ದು; ಹಿಂದೆ ತೆಗೆದುಕೊಳ್ಳುವ ಹಕ್ಕೂ ಅವರದ್ದೇ.

"ಆ ಅಜ್ಜಿನಾ? ನನ್ನ ಪಾದ ಹಿಡ್ಕೊಂಡಿದ್ದೋರು?"

"ಅವರೇ."

"ಹಾಗಿದ್ರೆ ಬರ್ಕೊಳ್ಳಿ. ದೂರು ವಾಪಸ್ ತಗೋತೀನಿ, ಒಂದು ಷರತ್ತಿನ ಮೇಲೆ. ಕಲ್ಲುಗಳ ಇನ್ನೊಂದು ಮಗ್ಗುಲಿಗೂ ಅವರೇ ಗುರುತು ಬಳೀಬೇಕು. ಏಪ್ರಿಲ್‌ನಲ್ಲಿ ಪ್ಲಾಸ್ಟರ್ ಎಲ್ಲಾ ಹೋಗಿರತ್ತೆ, ನಾನು ಬಂದು ಒಂದೊಂದನ್ನೂ ಪರೀಕ್ಷೆ ಮಾಡ್ತೀನಿ. ನಾನು ಮೇಡಂ, ಸುಮ್ನೆ ಪಾಸ್ ಮಾಡಲ್ಲ."

ಅನುಮತಿಯಿಲ್ಲದೆ ಗುರುತು ಬದಲಾಯಿಸಿದ ಆರೋಪ ಹಾಗೇ ಉಳಿಯಿತು. ಅದನ್ನು ನ್ಯಾಯಾಧೀಶರೇ ತೀರ್ಮಾನಿಸಬೇಕು. ದಂಡ ಬೀಳಬಹುದು. ಇನ್ನು ಉಳಿದದ್ದು ಸ್ಥಳ ತೋರಿಸುವ ಪಂಚನಾಮೆ. ಕೃತ್ಯ ನಡೆದ ಜಾಗಗಳನ್ನು ಆರೋಪಿಯೇ ಒಂದೊಂದಾಗಿ ತೋರಿಸಿ ಒಪ್ಪಬೇಕು. ಬುಧವಾರದಿಂದ ಆರೋಪಿಯ ಮಂಡಿ ಊದಿತ್ತು, ಹತ್ತುವುದು ಆಗದು. ಹಾಗಾಗಿ ಡೈರಿಯ ರಸ್ತೆಯಲ್ಲಿ ಸುತ್ತುಬಳಸಿ ಕಾಫೋಸ್ಕಾಗೆ ಜೀಪು ಹತ್ತಿತು. ಕೆಲವೇ ಗುರುತು ತೋರಿಸಿದರೂ ಸಾಕು, ಮೇಲಿನಿಂದ ಮೊದಲ ತಿರುವಿನವರೆಗೆ ಎಂದು ಅದೆಲ್ಮೊ ಮೊದಲೇ ನಿರ್ಧರಿಸಿದ್ದ. ಪಂಚರು ಹಿಂದಿನವರೇ. ಒಲಿಂತೊ ಇಂದು ಪೊಲೆಂತಾದ ಕಡೆ ತಿರುಗಿಯೂ ನೋಡಲಿಲ್ಲ. ತೆರ್ಸೊ ಬಾಗಿಲಲ್ಲಿ ನಿಂತಿದ್ದ. ಅವನ ಕೈಯಲ್ಲಿ ನಿಜವಾಗಿಯೂ ಒಂದು ಬ್ರಷ್ ಇತ್ತು. ಬಾಗಿಲಿಗೆ ಹಚ್ಚೋಣ ಅಂತ, ಎಂದ.

ಒಂಬತ್ತು ನಲವತ್ತು. ಇಸೊಲೀನಾ ಮಂಕೂಸೊಳ ಭುಜ ಹಿಡಿದು ಮೇಲಿನ ಮೆಟ್ಟಿಲಿಗೆ ಕಾಲಿಟ್ಟಳು. ಎರಡನೆಯದಕ್ಕೆ ಇಟ್ಟಳು. ಆಮೇಲೆ ನಿಂತುಬಿಟ್ಟಳು.

"ಮಂಡಿ ನೋವಾ ದೊಡ್ಡಮ್ಮ?" ಎಂದಳು ಮಂಕೂಸೊ. ಅವಳೂ ದೊಡ್ಡಮ್ಮ ಎಂದದ್ದು ಅದೇ ಮೊದಲು.

"ಇಲ್ಲಮ್ಮ. ಈ ದಾರಿ ನನಗೆ ಗೊತ್ತಿಲ್ಲ."

ಅವಳು ನಿಧಾನವಾಗಿ ಸುತ್ತ ನೋಡಿದಳು. ಪ್ರತಿ ಕಲ್ಲನ್ನೂ ಹೆಸರಿಟ್ಟು ಕರೆಯಬಲ್ಲವಳು, ಈಗ ಹೊಸ ಊರಿನ ಬಸ್ಸಿನಿಂದ ಇಳಿದವಳಂತೆ ನಿಂತಿದ್ದಳು. ಮೆಲ್ಲನೆ ಇಳಿದು ಮೊದಲ ತಿರುವಿಗೆ ಬಂದಾಗ ಮರಗಳು ಸರಿದು ನೋಟ ಬಿಟ್ಟುಕೊಟ್ಟವು. ಕೆಳಗೆ ಇಡೀ ಪಿಯಾನ್‌ಸೆರ್ರಾ ಒಂದು ಅಂಗೈಯಲ್ಲಿ ಕೂತಂತಿತ್ತು. ಕಲ್ಲು ಚಪ್ಪಡಿಯ ಮಾಡುಗಳು, ಚರ್ಚಿನ ಗೋಪುರ, ಬ್ರೆಡ್ ಅಂಗಡಿಯ ಹೊಗೆ, ಅವಳ ಹಿತ್ತಲಲ್ಲಿ ಒಣಗಲು ಹಾಕಿದ ನೀಲಿ ಹಾಸಿಗೆ ಬಟ್ಟೆ. ಮೂವತ್ತೊಂದು ವರ್ಷ ಅವಳು ಈ ತಿರುವನ್ನು ಊರಿಗೆ ಬೆನ್ನು ಮಾಡಿಕೊಂಡೇ ದಾಟಿದ್ದಳು.

"ಇಲ್ಲಿಂದ ಊರು ಕಾಣ್ಸತ್ತೆ ಅಂತ ಯಾರೂ ಹೇಳ್ಲೇ ಇಲ್ವಲ್ಲೋ," ಎಂದಳು ಇಸೊಲೀನಾ.

ಒಲಿಂತೊ ಅತ್ತ ತಿರುಗಿ ಮೂಗು ಒರೆಸಿಕೊಂಡ. ಅವಳು ಪಕ್ಕದ ಹೊರೆಗಲ್ಲಿನ, ಇಳಿಯುವವರಿಗೆ ಕಾಣುವ ಮಗ್ಗುಲನ್ನು ಅಂಗೈಯಿಂದ ಸವರಿ, ಅಲ್ಲಿನ ಪಾಚಿ ಒರೆಸಿದಳು.

"ಇಲ್ಲಿ ಬಳೀತೀನಿ," ಎಂದಳು. "ಮೊದಲನೇದು ಇಲ್ಲೇ."

ಹನ್ನೊಂದು ನಲವತ್ತಕ್ಕೆ ಅದೆಲ್ಮೊ ಮೇಯರಮ್ಮನಿಗೆ ಫೋನು ಮಾಡಿದ. ಆದೇಶಕ್ಕೆ ಸಹಿ ಬೀಳಲಿಲ್ಲ. ಭಾನುವಾರಕ್ಕೆ ಹದಿಮೂರು ದಾರಿಗಳು ತೆರೆದವು. ಹದಿನಾಲ್ಕನೆಯದರ ಬಾಯಲ್ಲಿ, ಜೀಪುರಸ್ತೆಯ ಗುರುತು ಕೂಡಲೇ ಸರಿಮಾಡಲಾಗುವುದು, ಹೆಂಗಸರ ದಾರಿ ದುರಸ್ತಿಯಲ್ಲಿದೆ ಎಂದು ಪಾಲ್ಮಿಯೆರಿ ತನ್ನ ಕೈಯಾರೆ ಒಂದು ಹಲಗೆ ಬರೆದು ನೆಟ್ಟ. ಅದನ್ನು ಓದಲು ನಡಿಗೆಯವರಿಗೆ ಬಹಳ ಹೊತ್ತು ಹಿಡಿಯಿತು.

ಮಧ್ಯಾಹ್ನ ಠಾಣೆಯಲ್ಲಿ ಮಂಕೂಸೊ ವರದಿ ಟೈಪು ಮಾಡುತ್ತಿದ್ದಳು. ಕೊನೆಯ ಅಂಕಣ ಖಾಲಿ ಉಳಿದಿತ್ತು.

"ಕೃತ್ಯದ ಉದ್ದೇಶ, ಏನು ಹಾಕ್ಲಿ ಮರೆಶಾಲ್ಲೊ?"

ಅದೆಲ್ಮೊ ಒಲೆಗೆ ಇನ್ನೊಂದು ಸೌದೆ ಇಟ್ಟ. ಆಮೇಲೆ ಅಧಿಕಾರಿಯ ಭಾಷೆಯಲ್ಲೇ, ಒಂದೊಂದು ಪದ ಬಿಡಿಸಿ ಹೇಳಿದ: ಆರೋಪಿಯು ತಾನು ಮೂವತ್ತೊಂದು ವರ್ಷ ಹತ್ತಿದ ದಾರಿಯನ್ನು, ತನ್ನ ಕಾಲು ನಿಂತ ಮೇಲೂ ಜೀವಂತ ಇಡುವ ಉದ್ದೇಶದಿಂದ.

"ಅಷ್ಟೇನಾ?"

"ಅಷ್ಟೇ. ಕೆಳಗೆ ಇನ್ನೊಂದು ಸಾಲು ಸೇರ್ಸು. ಈಸ್ಟರ್ ಕಳೆದ ಮೊದಲನೇ ಭಾನುವಾರ ನಿನಗೂ ನನಗೂ ರಜೆ ಬೇಕು ಅಂತ."

ಮಂಕೂಸೊ ಟೈಪು ಮಾಡುವುದನ್ನು ನಿಲ್ಲಿಸಿದಳು. "ನಮಗೆಲ್ಲಿದೆ ತುಂಡು?"

"ದೊಡ್ಡಮ್ಮ ಕೊಟ್ಟಿದಾರೆ," ಎಂದ ಅದೆಲ್ಮೊ. "ಮೊದಲ ತಿರುವಿಂದ ಕೆಳಗೆ, ಇದ್ದಿಲಿನವರ ಜಾಡು ಸೇರೋವರೆಗೂ. ಬಿದ್ದ ಜಾಗ ಪೊಲೀಸರೇ ನೋಡ್ಕೊಳ್ಳಲಿ ಅಂದ್ರು."